ಎಂಜಿನ್‌ನಲ್ಲಿ ಬೋಲ್ಟ್ ಕಟ್ ಆದರೆ ತಕ್ಷಣ ಡ್ರಿಲ್ ಹಾಕಲು ಬಿಡಬೇಡಿ

ಹಳೇ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಂಜಿನ್‌ನಲ್ಲಿ ಒಂದು ಬೋಲ್ಟ್ ಕಟ್ ಆಗೋದು ಅಂಥ ದೊಡ್ಡ ವಿಷಯ ಅಲ್ಲ. ಒಳ್ಳೇ ಮೆಕ್ಯಾನಿಕ್ ಕೈಯಲ್ಲೂ ಆಗುತ್ತೆ. ಆದರೆ ಕಟ್ ಆದ ಮೇಲೆ ಅದಕ್ಕೆ ಯಾರು, ಹೇಗೆ ಕೈ ಹಾಕುತ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ನೂರುಗಳಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ನಾವು ಎಂಜಿನ್ನಿನ ಹೆಡ್ಡನ್ನೇ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ) ಇಳಿಸಬೇಕಾಯಿತು.

ಮಂಡ್ಯದಲ್ಲಿ ಮಾವನವರು ಓಡಿಸುತ್ತಿದ್ದ ಪೆಟ್ರೋಲ್ ಕಾರು, ಈಗ ಮೈಸೂರಿನಲ್ಲಿ ನಮ್ಮ ಹತ್ತಿರ ಇದೆ. ಎಂಜಿನ್ ಬಿಸಿ ನೋಡಿಕೊಂಡು ನೀರು ಬಿಡುವ ಥರ್ಮೋಸ್ಟಾಟ್ ಬದಲಿಸಬೇಕು ಅಂತ ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟಿದ್ದೆವು. ಅದರ ಮುಚ್ಚಳಕ್ಕೆ ಇರೋದು ಎರಡೇ ಬೋಲ್ಟ್. ಒಂದು ಬಂತು. ಇನ್ನೊಂದು ಅರ್ಧ ಸುತ್ತು ತಿರುಗಿ ಕಟ್ ಆಯಿತು. ಆ ಗಾಡಿಗೆ ವರ್ಷಗಟ್ಟಲೆ ಕೂಲೆಂಟ್ ಬದಲು ಬೋರ್ ನೀರನ್ನೇ ಹಾಕಿದ್ದರಂತೆ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಹೆಡ್, ನಡುವೆ ಉಪ್ಪಿನ ನೀರು. ಎರಡು ಲೋಹ ಹೀಗೆ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗಿ ಥ್ರೆಡ್ ಸುತ್ತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಬೋಲ್ಟ್ ಕಟ್ ಆಗಿದ್ದಕ್ಕೆ ನಾನು ಯಾರನ್ನೂ ದೂರಲ್ಲ.

ದೂರೋದು ಆಮೇಲೆ ಆಗಿದ್ದಕ್ಕೆ. ಮುರಿದ ತುಂಡು ಬೆಂಕಿಕಡ್ಡಿ ತಲೆಯಷ್ಟು ಹೊರಗೆ ನಿಂತಿತ್ತು. ಅದು ಅದೃಷ್ಟ. ಅದರ ಮೇಲೆ ಒಂದು ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿ, ಸ್ವಲ್ಪ ಆರಿದ ಮೇಲೆ ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಅಲ್ಲಾಡಿಸುತ್ತಾ ತೆಗೆಯಬಹುದಿತ್ತು. ವೆಲ್ಡಿಂಗಿನ ಬಿಸಿಗೇ ಕಚ್ಚಿದ್ದು ಸಡಿಲ ಆಗುತ್ತೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತೆ, ಹಾಗಾಗಿ ತೂತು ಬೋಲ್ಟನ್ನು ಬಿಟ್ಟುಕೊಡುತ್ತೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಹಿಡಿಯೋದೂ ಇಲ್ಲ. ಬ್ಯಾಟರಿ ವೈರ್ ಕಳಚಿಟ್ಟು ಮಾಡಬೇಕು, ಅಷ್ಟೇ.

ಅವರು ಮಾಡಿದ್ದೇನು? ನಿಂತಿದ್ದ ತುಂಡನ್ನು ಗ್ರೈಂಡ್ ಮಾಡಿ ಸಮ ಮಾಡಿದರು. ಬಿಟ್ ಜಾರದಂತೆ ನಡುವೆ ಗುಳಿ ಮಾಡುವ ಸೆಂಟರ್ ಪಂಚ್ ಹೊಡೆಯದೆ ಕೈ ಡ್ರಿಲ್ ಇಟ್ಟರು. ಉಕ್ಕಿಗಿಂತ ಅಲ್ಯೂಮಿನಿಯಂ ಮೆತ್ತಗೆ, ಬಿಟ್ ಜಾರಿ ಆ ಕಡೆಗೇ ಓಡಿತು. ಆ ಸೊಟ್ಟ ತೂತಿಗೆ ಈಸಿ ಔಟ್ (ಮುರಿದ ಬೋಲ್ಟನ್ನು ಒಳಗಿಂದ ಕಚ್ಚಿ ಉಲ್ಟಾ ತಿರುಗಿಸಿ ತೆಗೆಯುವ ಟೂಲು) ಹಾಕಿ ತಿರುಗಿಸಿದರು. ಟಿಕ್ ಅಂತ ಒಂದು ಸಣ್ಣ ಸದ್ದು. ಈಸಿ ಔಟ್ ಒಳಗೇ ಮುರಿದಿತ್ತು. ಅದು ತುಂಬಾ ಗಟ್ಟಿ ಉಕ್ಕು, ಬಾಗೋದಿಲ್ಲ, ಸೀದಾ ಮುರಿಯುತ್ತೆ. ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯೋದೇ ಇಲ್ಲ.

ಇದ್ಯಾವುದನ್ನೂ ನಮಗೆ ಹೇಳಲಿಲ್ಲ. ಎಂ-ಸೀಲ್ ಮೆತ್ತಿ, ಒಂದೇ ಬೋಲ್ಟಲ್ಲಿ ಮುಚ್ಚಳ ಕೂರಿಸಿ, "ಆಯ್ತು ಸಾರ್, ತಗೊಂಡೋಗಿ" ಅಂದರು. ಬಿಲ್ ಪೂರ್ತಿ ತಗೊಂಡರು. ಕೋಪ ಬರೋದು ಇಲ್ಲಿ. ನಿಜ ಹೇಳಿದ್ದರೆ ಬೇರೆ ಕಡೆ ತೋರಿಸುತ್ತಿದ್ದೆವು ಅಲ್ವಾ?

ಮಾವನವರನ್ನು ಬಿಡಲು ಮಂಡ್ಯಕ್ಕೆ ಹೊರಟಾಗ ಶ್ರೀರಂಗಪಟ್ಟಣ ದಾಟುತ್ತಿದ್ದಂತೆ ಟೆಂಪರೇಚರ್ ಮುಳ್ಳು ಏರಿತು. ನಿಲ್ಲಿಸುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ. ಮೆತ್ತಿದ್ದು ಕಿತ್ತು ಬಂದು ನೀರೆಲ್ಲಾ ಸೋರಿತ್ತು. ಹೆಡ್ಡಿನ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಯಿತು, ಹೆಡ್ ಸ್ವಲ್ಪ ಬಾಗಿತು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತೆ.

ಗಾಡಿ ಎಳೆಸಿಕೊಂಡು ಬಂದು, ಹೆಡ್ ಇಳಿಸಿ, ಒಬ್ಬ ಹಿರಿಯ ಲೇತ್‌ನವರ ಹತ್ತಿರ ಒಯ್ದೆವು. ಟಾರ್ಚ್ ಬಿಟ್ಟು ತೂತಿನೊಳಗೆ ನೋಡಿದರು. "ಮುರಿದ ಬೋಲ್ಟ್ ತಂದಿದ್ರೆ ಅರ್ಧ ಗಂಟೆ ಕೆಲ್ಸ ಸ್ವಾಮಿ. ನೀವು ತಂದಿರೋದು ಈಸಿ ಔಟು" ಅಂದರು. ಕೊನೆಗೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಪಾರ್ಕ್ ಎರೋಷನ್ ಮಷೀನಿನಲ್ಲಿ ಅದನ್ನು ಸುಟ್ಟು ತೆಗೆಸಬೇಕಾಯಿತು. ಆ ಮಷೀನಿಗೆ ಲೋಹ ಎಷ್ಟು ಗಟ್ಟಿ ಅನ್ನೋದು ಲೆಕ್ಕಕ್ಕಿಲ್ಲ, ಕಿಡಿಯಿಂದಲೇ ಚೂರು ಚೂರು ಕರಗಿಸುತ್ತೆ. ಆಮೇಲೆ ಬಾಗಿದ್ದನ್ನು ಸಮ ಮಾಡಲು ಹೆಡ್ ಫೇಸಿಂಗ್, ಹೊಸ ಗ್ಯಾಸ್ಕೆಟ್.

ಕೆಟ್ಟುಹೋದ ಥ್ರೆಡ್ಡಿಗೆ ಅವರು ಹೆಲಿಕಾಯಿಲ್ ಹಾಕಿದರು. ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ಸ್ಟೇನ್‌ಲೆಸ್ ತಂತಿಯ ಸುರುಳಿ ಅದು. 8 ಎಂಎಂ ಬೋಲ್ಟ್, 1.25 ಪಿಚ್ (ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರುವ ಅಂತರ, ಎಂಎಂನಲ್ಲಿ) ಆದರೆ ತೂತನ್ನು ಸುಮಾರು 8.3 ಎಂಎಂಗೆ ದೊಡ್ಡದು ಮಾಡಿ, ಅದರದ್ದೇ ಬೇರೆ ಟ್ಯಾಪ್‌ನಲ್ಲಿ ಹೊಸ ಥ್ರೆಡ್ ಕೊರೆದು, ಸುರುಳಿ ತಿರುಗಿಸಿ ಕೂರಿಸುತ್ತಾರೆ. ಹಳೇ ಸೈಜಿನ ಬೋಲ್ಟೇ ಮತ್ತೆ ಕೂರುತ್ತೆ. ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಇದು ಗಟ್ಟಿ. ಸುರುಳಿಯ ತುದಿಯಲ್ಲಿ ಒಂದು ಬಾಲ ಇರುತ್ತೆ, ಕೂರಿಸಿದ ಮೇಲೆ ಅದನ್ನು ಮುರಿದು ಹೊರಗೆ ತೆಗೆಯಲೇಬೇಕು. ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಈ ಕೆಲಸ ಮಾಡಿಸುವಾಗಂತೂ ಬಾಲವಾಗಲಿ, ಲೋಹದ ಪುಡಿಯಾಗಲಿ ಸಿಲಿಂಡರಿಗೆ ಬೀಳಬಾರದು. ಟ್ಯಾಪಿಗೆ ಗ್ರೀಸ್ ಮೆತ್ತಿದರೆ ಪುಡಿ ಅಂಟಿಕೊಂಡು ಬರುತ್ತೆ, ಆದರೂ ನನ್ನ ಪ್ರಕಾರ ಹೆಡ್ ಇಳಿಸಿ ಮಾಡಿಸೋದೇ ಕ್ಷೇಮ.

ಥ್ರೆಡ್ ಹೋಗಿರೋ ಕಡೆ ಟೆಫ್ಲಾನ್ ಟೇಪ್ ಸುತ್ತಿ ಕೂರಿಸೋದು, ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಬೋಲ್ಟಿಗೆ ಎಂ-ಸೀಲ್ ಮೆತ್ತೋದು, ಇದಕ್ಕೆಲ್ಲಾ ಖಡಾಖಂಡಿತವಾಗಿ ಬೇಡ ಅನ್ನಿ. ಚೇಂಬರ್ ಬೋಲ್ಟ್ ಬಿದ್ದರೆ ಆಯಿಲ್ ಪೂರ್ತಿ ಸುರಿದು ಎಂಜಿನ್ನೇ ಹಿಡಿದುಕೊಳ್ಳುತ್ತೆ.

ಕೆಲಸಕ್ಕೆ ಬಿಡುವಾಗಲೇ ಒಂದು ಮಾತು ಹೇಳಿಡಿ: "ಬೋಲ್ಟ್ ಬಿಗಿ ಇದ್ರೆ ಬಲವಂತ ಮಾಡ್ಬೇಡಿ ಅಣ್ಣ. ಕಟ್ ಆದ್ರೆ ಹಾಗೇ ಬಿಟ್ಟು ನನಗೆ ಫೋನ್ ಮಾಡಿ." ಬಿಗಿ ಬೋಲ್ಟಿಗೆ ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಡಲು ಹೇಳಿ. ಒಂದು ದಿನ ಗಾಡಿ ಇಲ್ಲದಿದ್ದರೂ ಪರವಾಗಿಲ್ಲ. ಕಟ್ ಆದ ತುಂಡು ಹೊರಗೆ ನಿಂತಿದ್ದರೆ ಗ್ರೈಂಡರ್ ಹತ್ತಿರಕ್ಕೂ ತರಬಾರದು, ಸೀದಾ ಲೇತ್ ಶಾಪಿನವರನ್ನು ಕರೆಸಿ. ಹೊಸ ಬೋಲ್ಟ್ ಹಾಕುವಾಗ ಮೊದಲು ಕೈಬೆರಳಲ್ಲೇ ಮೂರು ನಾಲ್ಕು ಸುತ್ತು ಹೋಗಬೇಕು, ಕೊನೆಗೆ ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚಲ್ಲಿ ಬಿಗಿಯಬೇಕು. ಗ್ಯಾರೇಜಿನಲ್ಲಿ ಟಾರ್ಕ್ ರೆಂಚ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಹೆಡ್, ಪ್ಲಗ್, ಥರ್ಮೋಸ್ಟಾಟ್ ಕೆಲಸಕ್ಕೆ ಅಲ್ಲಿ ಗಾಡಿ ಬಿಡಬೇಡಿ.