ಆಷಾಢದ ಗಾಳಿಯಲ್ಲಿ ಫುಟಾಬಾ ಜಿವೈ401 ಗೈರೊ

ಚಿತ್ರದುರ್ಗದಲ್ಲಿ ಆರ್‌ಸಿ (ರಿಮೋಟ್‌ನಿಂದ ನಡೆಸುವ) ಹೆಲಿಕಾಪ್ಟರ್ ಹಾರಿಸುವವರಿಗೆ ಆಷಾಢ ಬಂತೆಂದರೆ ಕಷ್ಟ. ಬೆಳಿಗ್ಗೆ ಶುರುವಾದ ಗಾಳಿ ಸಂಜೆಯಾದರೂ ಬಿಡುವುದಿಲ್ಲ. ಇಂಥದ್ದರಲ್ಲೂ ನಾನು ಧೈರ್ಯವಾಗಿ ಹೋವರ್ ಮಾಡುತ್ತೇನೆ (ಒಂದೇ ಕಡೆ ತೇಲಿಸಿ ನಿಲ್ಲಿಸುತ್ತೇನೆ) ಎಂದರೆ ಬಾಲ ತಿರುಗದಂತೆ ತಾನೇ ತಿದ್ದುವ ಫುಟಾಬಾ ಜಿವೈ401 ಗೈರೊ ಎಂಬ ಈ 27 ಗ್ರಾಂ ಡಬ್ಬಿಯೇ ಕಾರಣ. ಹಳೇ ಮಾದರಿ, ಕೊಂಡದ್ದೂ ಸೆಕೆಂಡ್ ಹ್ಯಾಂಡ್.

ನನ್ನ ಹೆಲಿಯ ಮುಖ್ಯ ರೋಟರ್, ಮೇಲಿಂದ ನೋಡಿದರೆ, ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಅದಕ್ಕೇ ಮೂತಿ ಸದಾ ಎಡಕ್ಕೆ ಎಳೆಯುತ್ತದೆ. ಬಾಲದ ರೋಟರ್ ಬಲಗಡೆಗೆ ಗಾಳಿ ದಬ್ಬಿ ಅದನ್ನು ತಡೆಯಬೇಕು. ಬಲದಿಂದಲೇ ಗಾಳಿ ಬೀಸಿದರೆ? ಎರಡೂ ಎದುರುಬದುರು. ಬಾಲದ ರೋಟರ್ ತನ್ನದೇ ಸುಳಿಯಲ್ಲಿ ಸಿಕ್ಕಿ, ಹಿಡಿತ ಬಂದು ಬಂದು ಹೋಗುತ್ತದೆ. ಹಿಂದಿನಿಂದ ಬೀಸಿದರಂತೂ ಇಡೀ ಹೆಲಿ ಗಾಳಿಗೆ ಮುಖ ಮಾಡಲು ಗಿರ್ರನೆ ತಿರುಗಲು ನೋಡುತ್ತದೆ.

ಈ ಗೈರೊದಲ್ಲಿ ಎರಡು ಮೋಡ್: ನಾರ್ಮಲ್, ಮತ್ತು ದಿಕ್ಕು ಹಿಡಿದಿಡುವ ಎವಿಸಿಎಸ್. ನಾರ್ಮಲ್‌ನಲ್ಲಿ ಅದು ತಿರುಗುವ ವೇಗವನ್ನಷ್ಟೇ ತಗ್ಗಿಸುತ್ತದೆ. ಮೂತಿ ನಿಧಾನಕ್ಕೆ ಗಾಳಿಯ ಕಡೆ ವಾಲುತ್ತದೆ, ಕೈಯಲ್ಲೇ ಸರಿಮಾಡುತ್ತಿರಬೇಕು. ಎವಿಸಿಎಸ್‌ಗೆ ಹಾಕಿದರೆ ಕೆಂಪು ದೀಪ ಹತ್ತುತ್ತದೆ, ಮೂತಿ ಬಿಟ್ಟ ದಿಕ್ಕಿನಲ್ಲೇ ನಿಲ್ಲುತ್ತದೆ. ಅಡ್ಡಗಾಳಿ ಹೊಡೆದಾಗ ಬಾಲದ ಪಿಚ್ ಸ್ಲೈಡರ್ (ಬಾಲದ ರೆಕ್ಕೆಗಳ ಕೋನ ಬದಲಿಸುವ ಭಾಗ) ಪಟಪಟನೆ ಓಡಾಡುವುದು ಹತ್ತಿರದಿಂದ ಕಾಣುತ್ತದೆ, ಹೆಲಿ ಮಾತ್ರ ಅಲ್ಲಾಡುವುದಿಲ್ಲ. ನನಗೆ ಇದು ಈಗಲೂ ಸೋಜಿಗ.

ಆದರೆ ಬಾಲದ ರೋಟರ್‌ನಲ್ಲಿ ಇಲ್ಲದ ಬಲವನ್ನು ಯಾವ ಗೈರೊ ಕೂಡ ತಂದುಕೊಡಲಾರದು. ಹೆಡ್ ಸ್ಪೀಡ್ (ಮುಖ್ಯ ರೋಟರ್ ತಿರುಗುವ ವೇಗ) ಕಡಿಮೆಯಿದ್ದರೆ ಬಾಲ ಜಾರುವುದೇ. ಸ್ಲೈಡರ್ ಎಷ್ಟು ಓಡಬೇಕೆಂದು ಮಿತಿ ಹಾಕುವ ಲಿಮಿಟ್ ತಿರುಪನ್ನು ಸುಮ್ನೆ ಸಣ್ಣದಿಟ್ಟರೂ ಅಷ್ಟೆ. ಸ್ಲೈಡರ್ ಎರಡೂ ತುದಿ ಮುಟ್ಟಬೇಕು, ಆದರೆ ಸಿಕ್ಕಿಹಾಕಿಕೊಳ್ಳಬಾರದು. ಡಿಎಸ್ ಸ್ವಿಚ್ ಆನ್ ಮಾಡುವುದು ಡಿಜಿಟಲ್ ಸರ್ವೊ (ಸ್ಲೈಡರ್ ಎಳೆಯುವ ಪುಟ್ಟ ಮೋಟಾರು) ಇದ್ದರೆ ಮಾತ್ರ. ಅನಲಾಗ್ ಸರ್ವೊ ಆದರೆ ಸುಟ್ಟೇ ಹೋಗಬಹುದು. ಗೇನ್ (ಗೈರೊ ತಿದ್ದುವ ಜೋರು) ಜಾಸ್ತಿಯಾದರೆ ಬಾಲ ಅತ್ತಿತ್ತ ನಡುಗುತ್ತದೆ. ನಡುಕ ನಿಲ್ಲುವವರೆಗೆ ರಿಮೋಟ್‌ನಲ್ಲೇ ಇಳಿಸುತ್ತಾ ಬನ್ನಿ. ಬ್ಯಾಟರಿ ಹಾಕಿದ ಮೇಲೆ ಗೈರೊ ತಯಾರಾಗುವ ತನಕ ಹೆಲಿಯನ್ನು ಮುಟ್ಟಬೇಡಿ.

ಹೊಸಬರಿಗೆ ನನ್ನ ಸಲಹೆ: ಮೊದಲು ನಾರ್ಮಲ್ ಮೋಡ್‌ನಲ್ಲೇ ಕಲಿಯಿರಿ. ಎವಿಸಿಎಸ್‌ನಲ್ಲಿ ಗಾಳಿ ಎಷ್ಟು ಒದೆಯುತ್ತಿದೆ ಎಂದು ಬೆರಳಿಗೆ ಗೊತ್ತೇ ಆಗುವುದಿಲ್ಲ. ಬಾಲದ ಬಲ ಮುಗಿಯುವ ಮುಂಚೆ ಸುಳಿವೂ ಸಿಗುವುದಿಲ್ಲ. ಫ್ಲೈಬಾರ್ (ಮುಖ್ಯ ರೋಟರ್ ಜೊತೆ ತಿರುಗುವ ಸಮತೋಲನದ ಅಡ್ಡಕಡ್ಡಿ) ಇರುವ ಹಳೇ ಹೆಲಿ ಇಟ್ಟುಕೊಂಡವರು ಒಳ್ಳೇ ಸ್ಥಿತಿಯ ಜಿವೈ401 ಸಿಕ್ಕರೆ ಬಿಡಬೇಡಿ. ಫ್ಲೈಬಾರ್‌ಲೆಸ್ ಹೆಲಿಗೆ ಮೂರು ಅಕ್ಷದ ಘಟಕವೇ ಬೇಕು, ಅದಕ್ಕೆ ಇದು ಆಗುವುದಿಲ್ಲ.