ಚೀಟಿ, ಲಕೋಟೆ, ಅಂಚೆ ಆರ್‌ಡಿ, ಮುಯ್ಯಿ ಖಾತೆ: ಮೂರು ವರ್ಷ ಬಳಸಿ ನೋಡಿದ ಹೋಲಿಕೆ

ಮೈಸೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಕಡಿತಗಳೆಲ್ಲ ಕಳೆದು ತಿಂಗಳಿಗೆ 38,400 ರೂಪಾಯಿ ಕೈಗೆ ಬರುತ್ತದೆ. ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ ಇದ್ದೇವೆ. ಬಾಡಿಗೆಗೆ 11,000, ಹಾಲು, ದಿನಸಿ, ತರಕಾರಿ, ಗ್ಯಾಸು ಎಲ್ಲ ಸೇರಿ 10,200, ಅಮ್ಮನ ಔಷಧಿಗೆ 2,600 ಹೋದ ಮೇಲೆ ಉಳಿಯುವುದು 14,600. ಇದರಲ್ಲಿ ಅರ್ಧವನ್ನಾದರೂ ಉಳಿಸಿ, ಕೆಲವು ವರ್ಷಗಳಲ್ಲಿ ಒಂದು ಮನೆಯನ್ನು ಭೋಗ್ಯಕ್ಕೆ ಹಿಡಿದು ತಿಂಗಳ ಬಾಡಿಗೆಯ ಭಾರವನ್ನು ಇಳಿಸಿಕೊಳ್ಳಬೇಕೆಂಬುದು ನನ್ನ ಗುರಿ. ಉಳಿದ ಅರ್ಧದಲ್ಲಿ ನೆಂಟರ ಮದುವೆ, ಗೃಹಪ್ರವೇಶ, ಗೆಳತಿಯರ ಜೊತೆಗಿನ ಓಡಾಟ, ಹಬ್ಬದ ಹೂವು ಹಣ್ಣು, ಆಟೋ, ಕಾಫಿ ಎಲ್ಲವೂ ನಡೆಯಬೇಕು. ಈ ಎರಡು ಅರ್ಧಗಳು ಒಂದನ್ನೊಂದು ನುಂಗದಂತೆ ಕಾಯಲು 2022ರಿಂದ ಈವರೆಗೆ ನಾನು ಬಳಸಿ ನೋಡಿದ ದಾರಿಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿಟ್ಟು ತೂಗಿದ್ದೇನೆ.

ಮೊದಲನೆಯದು ಚೀಟಿ. ಹಳೆಯ ಮನೆಯ ಬೀದಿಯಲ್ಲಿ ಇಪ್ಪತ್ತು ಹೆಂಗಸರು ಸೇರಿ ನಡೆಸುತ್ತಿದ್ದ, ತಿಂಗಳಿಗೆ 5,000ದಂತೆ ಇಪ್ಪತ್ತು ತಿಂಗಳ, ಒಂದು ಲಕ್ಷದ ಚೀಟಿಗೆ 2022ರ ಆಗಸ್ಟ್‌ನಲ್ಲಿ ಸೇರಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಸಂಜೆ ಚೀಟಿ ನಡೆಸುವವರ ಮನೆಯ ಹಜಾರದಲ್ಲಿ ಚಾಪೆ ಹಾಸಿ ಕೂಗು ಆಗುತ್ತಿತ್ತು. ಹಣದ ಅಗತ್ಯವಿದ್ದವರು ಎಷ್ಟು ಬಿಟ್ಟುಕೊಡುತ್ತೇವೆಂದು ಕೂಗುತ್ತಾರೆ, ಹೆಚ್ಚು ಬಿಟ್ಟುಕೊಟ್ಟವರು ಆ ತಿಂಗಳ ಚೀಟಿ ಎತ್ತುತ್ತಾರೆ. ಯಾರಾದರೂ 20,000 ಬಿಟ್ಟು 80,000ಕ್ಕೆ ಎತ್ತಿದರೆ, ನಡೆಸುವವರ ಕಮಿಷನ್ 5,000 ಕಳೆದು ಉಳಿದ 15,000 ಇಪ್ಪತ್ತು ಮಂದಿಗೂ ಹಂಚಿಕೆಯಾಗಿ ತಲಾ 750 ರೂಪಾಯಿ ಕಂತಿನಲ್ಲಿ ಇಳಿಯುತ್ತದೆ. ಲೆಕ್ಕ ಸರಳವಾಗಿದೆ, ಮತ್ತು ಕಂತು ಕಟ್ಟದೆ ತಪ್ಪಿಸಿಕೊಳ್ಳುವುದು ಸಾಧ್ಯವೇ ಇಲ್ಲ, ಏಕೆಂದರೆ ಭಾನುವಾರ ಹೋಗದಿದ್ದರೆ ಸೋಮವಾರ ಹಾಲಿನ ಬೂತಿನ ಮುಂದೆ ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ.

ಚೀಟಿಯ ಬಗ್ಗೆ ಬರೆಯುವವರು ಬಡ್ಡಿ ಮತ್ತು ಮೋಸದ ವಿಚಾರವನ್ನಷ್ಟೇ ಎತ್ತುತ್ತಾರೆ. ನಾನು ಬಳಸಿದ ದಾರಿಗಳಲ್ಲಿ ಉಳಿತಾಯವೇ ಒಡನಾಟವೂ ಆಗಿದ್ದದ್ದು ಇದೊಂದರಲ್ಲಿ ಮಾತ್ರ ಎಂಬುದನ್ನು ನಾನು ಮರೆಯಲಾರೆ. ಕೂಗು ಮುಗಿದ ಮೇಲೆ ಬರುವ ಕಾಫಿ, ಅವಲಕ್ಕಿ, ಯಾರ ಮಗಳಿಗೆ ಯಾವ ಕಾಲೇಜಿನಲ್ಲಿ ಸೀಟು ಸಿಕ್ಕಿತೆಂಬ ಮಾತು, ಇವಕ್ಕೆ ನಾನು ಬೇರೆ ಖರ್ಚು ಮಾಡಬೇಕಿರಲಿಲ್ಲ. ಅಮ್ಮನೂ ಜೊತೆಗೆ ಬರುತ್ತಿದ್ದರು, ಮತ್ತು ಅಪ್ಪ ತೀರಿಕೊಂಡ ಮೇಲೆ ಅವರು ಮನೆಯಿಂದ ಹೊರಗೆ ಹೋಗಿ ಕುಳಿತು ನಗುತ್ತಿದ್ದದ್ದು ಆ ಸಂಜೆಗಳಲ್ಲಿ.

ಆದರೆ ಹಣದ ಕಡೆಯಿಂದ ನೋಡಿದರೆ ಅದು ನನಗೆ ದುಬಾರಿಯಾಯಿತು. ಕೊನೆಯವರೆಗೂ ಕಾಯಬೇಕೆಂದಿದ್ದ ನಾನು ಅಮ್ಮನ ಮಂಡಿಯ ಚಿಕಿತ್ಸೆಗಾಗಿ ಹದಿನಾಲ್ಕನೆಯ ತಿಂಗಳಲ್ಲಿ 12,000 ಬಿಟ್ಟು 88,000ಕ್ಕೆ ಎತ್ತಬೇಕಾಯಿತು. ಇಪ್ಪತ್ತು ತಿಂಗಳಲ್ಲಿ ನಾನು ಕಟ್ಟಿದ್ದು ಹಂಚಿಕೆ ಕಳೆದೂ ಸುಮಾರು 93,000. ಐದು ಸಾವಿರದ ಈ ವ್ಯತ್ಯಾಸವನ್ನು ಆರು ತಿಂಗಳು ಮುಂಚಿತವಾಗಿ ಪಡೆದ ಹಣದ ಬಡ್ಡಿಯೆಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಚೀಟಿ ಎತ್ತಿದ ಮೇಲೂ ಹಣ ಕೈಗೆ ಬರಲು ಏಳು ವಾರ ಹಿಡಿಯಿತು, ಅಷ್ಟರಲ್ಲಿ ನಾನು ನನ್ನ ಬಳೆಗಳನ್ನು ಅಡವಿಟ್ಟಾಗಿತ್ತು. ಬೀದಿಯ ಚೀಟಿಗೆ ನೋಂದಣಿ ಇರಲಿಲ್ಲವಾದ್ದರಿಂದ ಕೇಳಲು ಹೋಗುವ ಜಾಗವೂ ಇರಲಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯಂತೆ ಚೀಟಿ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕು, ನಡೆಸುವವರು ಭದ್ರತೆಯನ್ನು ಮೊದಲೇ ಇಡಬೇಕು, ಮತ್ತು 2019ರ ತಿದ್ದುಪಡಿಯ ನಂತರ ಅವರ ಕಮಿಷನ್ ಶೇ. 7ನ್ನು ಮೀರುವಂತಿಲ್ಲ. ನಮ್ಮ ರಾಜ್ಯ ಸರ್ಕಾರದ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಮತ್ತೆ ಚೀಟಿಗೆ ಸೇರುವುದಾದರೆ ನೋಂದಾಯಿತ ಚೀಟಿಗೇ ಸೇರುತ್ತೇನೆ, ಆದರೆ ಅಲ್ಲಿ ಚಾಪೆಯೂ ಅವಲಕ್ಕಿಯೂ ಇರುವುದಿಲ್ಲವೆಂಬುದು ಗೊತ್ತಿದೆ.

ಅಂಚೆ ಕಚೇರಿಯ ಆರ್‌ಡಿ, ಎಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ಎರಡನೆಯದು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐದು ವರ್ಷದ ಅವಧಿ, ತಿಂಗಳಿಗೆ ಕನಿಷ್ಠ 100 ರೂಪಾಯಿ, 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ಬಡ್ಡಿ ಶೇ. 6.7. ಈ ದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ 71,000ಕ್ಕೂ ಸ್ವಲ್ಪ ಹೆಚ್ಚು ಬರುತ್ತದೆ. ಅದೇ ವರ್ಷದ ನವೆಂಬರ್‌ನಲ್ಲಿ ನಾನು 3,000ದ ಖಾತೆ ತೆರೆದೆ. ತೆರೆಯುವವರಿಗೆ ಒಂದು ಮಾತು ಹೇಳುತ್ತೇನೆ: ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೆ ಕಂತು ಕಟ್ಟಬೇಕು, 16ರಂದು ಅಥವಾ ಆಮೇಲೆ ತೆರೆದ ಖಾತೆಗೆ ತಿಂಗಳ ಕೊನೆಯವರೆಗೆ ಅವಕಾಶವಿರುತ್ತದೆ. ಈ ಸಡಿಲ ಅನುಕೂಲವೆಂದು ತೋರಿದರೂ, ಸಂಬಳ ಕೈಯಲ್ಲಿರುವಾಗಲೇ ಕಂತು ಹೋಗಬೇಕಾದವರು ಮೊದಲ ಹದಿನೈದು ದಿನಗಳಲ್ಲೇ ತೆರೆಯುವುದು ಒಳ್ಳೆಯದು. ತಪ್ಪಿದ ಕಂತಿಗೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡ, ಮೂರು ವರ್ಷದ ಮೊದಲು ಮುಚ್ಚುವಂತಿಲ್ಲ, ಹನ್ನೆರಡು ಕಂತಾದ ಮೇಲೆ ಕಟ್ಟಿದ್ದರಲ್ಲಿ ಅರ್ಧದಷ್ಟು ಸಾಲ ಪಡೆಯಬಹುದು. ಗುರಿಯ ಹಣವನ್ನು ನನ್ನಿಂದಲೇ ಕಾಪಾಡುವುದರಲ್ಲಿ ಇದಕ್ಕೆ ಸಮವಾದದ್ದು ನಾನು ಬಳಸಿದವುಗಳಲ್ಲಿ ಬೇರೊಂದಿಲ್ಲ. ಆದರೆ ಇದು ಉಳಿತಾಯದ ಅರ್ಧವನ್ನು ಮಾತ್ರ ನೋಡಿಕೊಳ್ಳುತ್ತದೆ. ತಿಂಗಳ ಇಪ್ಪತ್ತೆರಡಕ್ಕೆ ಬಾಗಿಲಿಗೆ ಬರುವ ಮದುವೆಯ ಕಾರ್ಡಿಗೆ ಆರ್‌ಡಿಯಲ್ಲಿ ಉತ್ತರವಿಲ್ಲ.

ಆ ಉತ್ತರವನ್ನು ಹುಡುಕುತ್ತ 2024ರ ಜನವರಿಯಿಂದ ಏಳು ತಿಂಗಳು ಲಕೋಟೆಗಳನ್ನು ಬಳಸಿದೆ. ಸಂಬಳ ಬಂದ ದಿನ ಮನೆಖರ್ಚು ಮತ್ತು ಕೈಖರ್ಚಿನ ಹಣವನ್ನೆಲ್ಲ ನಗದಾಗಿ ತೆಗೆದು, ತರಕಾರಿ, ಹಾಲು, ಔಷಧಿ, ಗ್ಯಾಸು, ಗೆಳತಿಯರು, ಸಮಾರಂಭ ಎಂದು ಬರೆದ ಆರು ಕಂದು ಲಕೋಟೆಗಳಲ್ಲಿ ಹಾಕಿ ಬೀರುವಿನ ಮೇಲಿನ ಅರೆಯಲ್ಲಿಡುತ್ತಿದ್ದೆ. ಈ ಪದ್ಧತಿಯ ಬಲವೆಂದರೆ ಲಕೋಟೆ ತೆಳ್ಳಗಾಗುವುದು ಬೆರಳಿಗೆ ತಿಳಿಯುತ್ತದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ 180 ರೂಪಾಯಿ ನೆನಪಿನಲ್ಲಿ ಉಳಿಯುವುದಿಲ್ಲ, ಆದರೆ ಲಕೋಟೆಯಿಂದ ತೆಗೆದ 200ರ ನೋಟು ಉಳಿಯುತ್ತದೆ. ಮೊದಲ ಎರಡು ತಿಂಗಳಲ್ಲೇ ಗೆಳತಿಯರೆಂಬ ಲಕೋಟೆಯಿಂದ ಹೊರಗಿನ ಊಟಕ್ಕೆ ಹೋಗುತ್ತಿದ್ದ ಹಣ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು.

ಅದರ ತೊಂದರೆಗಳೂ ಅಷ್ಟೇ ನಿಜ. ಎಟಿಎಂನಿಂದ ಬರುವುದು ಬಹುತೇಕ 500ರ ನೋಟು; ಆಟೋದವರಲ್ಲಿ, ಸೊಪ್ಪಿನವರಲ್ಲಿ ಈಗ ಚಿಲ್ಲರೆ ಇರುವುದಿಲ್ಲ, ಎಲ್ಲರೂ ಕ್ಯೂಆರ್ ಫಲಕವನ್ನೇ ತೋರಿಸುತ್ತಾರೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಮೇ ತಿಂಗಳ ಒಂದು ಸಂಜೆ ಸಮಾರಂಭದ ಲಕೋಟೆಯಲ್ಲಿ ಒಂದು ನೂರರ ನೋಟು ಮಾತ್ರ ಇತ್ತು, ಮರುದಿನ ಸೋದರತ್ತೆಯ ಮೊಮ್ಮಗಳ ಮದುವೆ. ಗ್ಯಾಸಿನ ಲಕೋಟೆಯಿಂದ 900 ತೆಗೆದು, ಅದರೊಳಗೆ ‘ಸಮಾರಂಭದಿಂದ ಬರಬೇಕು’ ಎಂದು ಬರೆದ ಚೀಟಿ ಇಟ್ಟೆ. ಆ ತಿಂಗಳು ಔಷಧಿಯ ಲಕೋಟೆಯಲ್ಲಿ ಮತ್ತೊಂದು, ತರಕಾರಿಯ ಲಕೋಟೆಯಲ್ಲಿ ಮತ್ತೊಂದು ಚೀಟಿ ಸೇರಿದವು. ತಿಂಗಳ ಕೊನೆಗೆ ಆ ಚೀಟಿಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ನೋಡಿದಾಗ ಪ್ರತಿಯೊಂದರಲ್ಲೂ ಸಾಲ ಪಡೆದ ಲಕೋಟೆ ಒಂದೇ ಆಗಿತ್ತು. ನಾನು ದಿನದಿನದ ಖರ್ಚಿನಲ್ಲಿ ಸಡಿಲವಾಗಿರಲಿಲ್ಲ. ಸಮಾರಂಭಗಳ ಖರ್ಚು ತಿಂಗಳಿಗೊಂದರಂತೆ ಬರದೆ ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ರಾಶಿಯಾಗಿ ಬಂದು ಆಷಾಢದಲ್ಲಿ ನಿಂತುಬಿಡುತ್ತದೆ, ನಾನು ಅದನ್ನು ತಿಂಗಳ ಲೆಕ್ಕದಲ್ಲಿ ಕಟ್ಟಿಹಾಕಲು ಹೋಗಿದ್ದೆ.

ಅಮ್ಮನ ಮುಯ್ಯಿ ಪುಸ್ತಕವನ್ನು ನಾನು ಮೊದಲ ಬಾರಿಗೆ ಗಮನವಿಟ್ಟು ಓದಿದ್ದು ಆಗಲೇ. ನಮ್ಮ ಕಡೆ ಮದುವೆ ಮನೆಯ ಬಾಗಿಲ ಬಳಿ ಒಂದು ಮೇಜು ಹಾಕಿಕೊಂಡು, ಯಾರು ಎಷ್ಟು ಮುಯ್ಯಿ ಮಾಡಿದರೆಂದು ಹೆಸರು, ಊರು, ಮೊತ್ತ ಸಹಿತ ಬರೆಯುತ್ತಾರೆ. ಆ ಪುಸ್ತಕ ಮನೆಯಲ್ಲಿ ಉಳಿಯುತ್ತದೆ, ಮುಂದೆ ಅವರ ಮನೆಯ ಕಾರ್ಯಕ್ಕೆ ಹೋಗುವಾಗ ಅದನ್ನು ತೆಗೆದು ನೋಡಿ, ಅವರು ಮಾಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಸೇರಿಸಿ ಮಾಡಬೇಕು. ಅಮ್ಮನ ಮದುವೆಯ ಪುಸ್ತಕದ ಬಟ್ಟೆಯ ಬೈಂಡು ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ. ನೀಲಿ ಶಾಯಿಯಲ್ಲಿ 11, 21, 51 ಎಂಬ ಅಂಕಿಗಳು, ಕೆಲವು ಸಾಲುಗಳ ಪಕ್ಕದಲ್ಲಿ ‘ತೀರಿತು’ ಎಂಬ ಅಪ್ಪನ ಅಕ್ಷರ. ಅದನ್ನು ಓದುತ್ತಿದ್ದಂತೆ ನನಗೆ ತಿಳಿದದ್ದೇನೆಂದರೆ, ಮುಯ್ಯಿಯನ್ನು ನಾನು ಖರ್ಚೆಂದು ಬರೆದುಕೊಳ್ಳುತ್ತಿದ್ದೆ, ಅಮ್ಮ ಅಪ್ಪ ಅದನ್ನು ಬಾಕಿಯೆಂದು ಬರೆದುಕೊಂಡಿದ್ದರು. ಬಾಕಿಯಾದರೆ ಅದಕ್ಕೆ ಮೊದಲೇ ಹಣ ತೆಗೆದಿಡಬೇಕು, ಉಳಿದದ್ದರಲ್ಲಿ ಕೊಡುತ್ತೇನೆ ಎನ್ನುವಂತಿಲ್ಲ.

ಹಿಂದಿನ ಹನ್ನೆರಡು ತಿಂಗಳ ಕಾರ್ಡುಗಳನ್ನೂ ಪಾಸ್‌ಬುಕ್ಕನ್ನೂ ಇಟ್ಟುಕೊಂಡು ಲೆಕ್ಕ ಹಾಕಿದೆ. ಹನ್ನೊಂದು ಮದುವೆ, ಮೂರು ಗೃಹಪ್ರವೇಶ, ಎರಡು ಸೀಮಂತ, ಒಂದು ಉಪನಯನ, ಒಟ್ಟು ಹದಿನೇಳು. ಮುಯ್ಯಿ ಮತ್ತು ಉಡುಗೊರೆಗೆ 11,400, ಹೋಗಿಬರಲು 4,200, ಸೀರೆ ಮತ್ತು ರವಿಕೆ ಹೊಲಿಗೆಗೆ 6,000, ಒಟ್ಟು 21,600. ತಿಂಗಳಿಗೆ ಭಾಗಿಸಿದರೆ 1,800. ಈ ಅಂಕಿ ಕೈಗೆ ಸಿಕ್ಕಿದ ಮೇಲೆ ಮನೆಯ ಹತ್ತಿರದ ಸಹಕಾರಿ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆದು, 2024ರ ಆಗಸ್ಟ್‌ನಿಂದ ಪ್ರತಿ ತಿಂಗಳ 3ರಂದು 1,800 ಅದಕ್ಕೆ ಹೋಗುವಂತೆ ಮಾಡಿದೆ. ಅದಕ್ಕೆ ಎಟಿಎಂ ಕಾರ್ಡು ಪಡೆಯಲಿಲ್ಲ, ಫೋನಿನ ಯಾವ ಆ್ಯಪಿಗೂ ಜೋಡಿಸಲಿಲ್ಲ. ಆಷಾಢ, ಭಾದ್ರಪದ, ಪುಷ್ಯಗಳಲ್ಲಿ ಅದು ತುಂಬುತ್ತದೆ, ಲಗ್ನದ ತಿಂಗಳುಗಳಲ್ಲಿ ಖಾಲಿಯಾಗುತ್ತದೆ. ಒಂದು ರೂಪಾಯಿ ನಾಣ್ಯ ಅಂಟಿಸಿದ ಮುಯ್ಯಿ ಕವರುಗಳನ್ನೂ ವರ್ಷಕ್ಕೊಮ್ಮೆ ಒಟ್ಟಿಗೆ ತಂದಿಟ್ಟಿದ್ದೇನೆ. ಕಾರ್ಡು ಬಂದಾಗ ಈಗ ಮೊದಲು ಹೆಣ್ಣುಗಂಡುಗಳ ಹೆಸರು ಓದುತ್ತೇನೆ, ಮೊದಲಿನಂತೆ ತಾರೀಖು ನೋಡಿ ಎದೆ ಧಸಕ್ಕೆನ್ನುವುದಿಲ್ಲ. ನಾಲ್ಕೂ ದಾರಿಗಳಲ್ಲಿ ನನ್ನ ಬದುಕಿಗೆ ಹೆಚ್ಚು ನೆಮ್ಮದಿ ತಂದದ್ದು, ಬಡ್ಡಿ ಅತಿ ಕಡಿಮೆ ಕೊಡುವ ಈ ಖಾತೆ.

ಉಳಿದ ಕೈಖರ್ಚಿಗೆ ಲಕೋಟೆಯ ಬದಲು, ಸಣ್ಣ ಪಾವತಿಗಳಿಗೆಂದು ಫೋನಿನಲ್ಲಿ ಮೊದಲೇ ಹಣ ತುಂಬಿಡುವ ಯುಪಿಐ ಲೈಟ್ ಬಳಸುತ್ತಿದ್ದೇನೆ. ಅದರಲ್ಲಿ ಒಮ್ಮೆಗೆ ಇರಬಹುದಾದ ಹಣ ಈಗ 5,000, ಒಂದು ಪಾವತಿಗೆ 1,000ದ ಮಿತಿ, ಪಿನ್ ಬೇಕಿಲ್ಲ. ಪ್ರತಿ ಸೋಮವಾರ 1,200 ತುಂಬಿಸುತ್ತೇನೆ, ಮುಗಿದರೆ ಮುಂದಿನ ಸೋಮವಾರದವರೆಗೆ ಕಾಯುತ್ತೇನೆ. ತಾನಾಗಿ ತುಂಬಿಕೊಳ್ಳುವ ಸೌಲಭ್ಯವನ್ನು ನಿಲ್ಲಿಸಿಡಬೇಕು, ಇಲ್ಲದಿದ್ದರೆ ಈ ಪದ್ಧತಿಗೆ ಅರ್ಥವೇ ಇರುವುದಿಲ್ಲ. ಲಕೋಟೆಯಷ್ಟು ಬೆರಳಿಗೆ ತಾಕದಿದ್ದರೂ ಚಿಲ್ಲರೆಯ ಜಗಳವಿಲ್ಲ, ಮತ್ತು ವಾರದ ಅಳತೆ ತಿಂಗಳ ಅಳತೆಗಿಂತ ಪಾಲಿಸಲು ಸುಲಭ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಕಚೇರಿಗೆ ಬಸ್ಸಿನ ಟಿಕೆಟ್ ಖರ್ಚು ನಿಂತಿತ್ತು. ಆ ಹಣ ಎಲ್ಲಿ ಹೋಯಿತೆಂದು ಒಂದು ವರ್ಷ ನನಗೆ ತಿಳಿದಿರಲಿಲ್ಲ. ವಾರದ ಲೆಕ್ಕ ಇಟ್ಟ ಮೇಲೆ ಅದು ಸಂಜೆಯ ತಿಂಡಿಗೂ ಆಟೋಗೂ ಹೋಗುತ್ತಿದ್ದದ್ದು ಕಂಡಿತು.

ಗೆಳತಿಯರ ವಿಚಾರದಲ್ಲಿ ಯಾವ ಖಾತೆಯೂ ಮಾಡದ ಕೆಲಸವನ್ನು ಒಂದು ಮಾತು ಮಾಡಿತು. ಐದು ಮಂದಿಯ ನಮ್ಮ ಗುಂಪಿನಲ್ಲಿ, ತಿಂಗಳಿಗೆರಡು ಸಲ ಹೋಟೆಲ್ ಊಟ ನನಗೆ ಹೆಚ್ಚಾಗುತ್ತದೆ, ಭೋಗ್ಯದ ಮನೆಗೆ ಹಣ ಕೂಡಿಸುತ್ತಿದ್ದೇನೆ ಎಂದು ಒಂದು ದಿನ ನೇರವಾಗಿ ಹೇಳಿದೆ. ಹೇಳುವ ಮೊದಲು ಬಹಳ ಸಂಕೋಚವಿತ್ತು. ಆದರೆ ಅವರಲ್ಲಿ ಇನ್ನಿಬ್ಬರು ಇದೇ ಮಾತಿಗಾಗಿ ಕಾಯುತ್ತಿದ್ದರು. ಈಗ ತಿಂಗಳಿಗೊಮ್ಮೆ ಹೋಟೆಲು, ಇನ್ನೊಂದು ಸಲ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡಿಗೆ ಅಥವಾ ಚಾಮುಂಡಿ ಬೆಟ್ಟದ ಮೆಟ್ಟಿಲು, ಆಮೇಲೆ ಯಾರದಾದರೂ ಮನೆಯಲ್ಲಿ ಉಪ್ಪಿಟ್ಟು.

ಹೀಗೆ 14,600ರಲ್ಲಿ 3,000 ಅಂಚೆ ಆರ್‌ಡಿಗೆ, 4,500 ಭೋಗ್ಯಕ್ಕಾಗಿ ಬ್ಯಾಂಕಿನ ಆರ್‌ಡಿಗೆ, 1,800 ಮುಯ್ಯಿ ಖಾತೆಗೆ, ಉಳಿದ 5,300ರಲ್ಲಿ ಬಹುತೇಕ ವಾರದ ಯುಪಿಐ ಲೈಟ್‌ಗೆ ಹೋಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಮೊದಲ ಮೂರು ತಿಂಗಳು ಲಕೋಟೆಯನ್ನೇ ಬಳಸಿ ಎಂದು ಹೇಳುತ್ತೇನೆ, ಏಕೆಂದರೆ ಯಾವ ಕಡೆಯಿಂದ ಹಣ ಸೋರುತ್ತದೆಂಬುದನ್ನು ಅದರಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸುವುದಿಲ್ಲ. ಸೋರುವ ಜಾಗ ತಿಳಿದ ಮೇಲೆ ಅದಕ್ಕೊಂದು ಪ್ರತ್ಯೇಕ ಖಾತೆ ಸಾಕು.

ಈ ವ್ಯವಸ್ಥೆಯೊಳಗೆ ಹಿಡಿಸದ ಒಂದು ಖರ್ಚು ಈ ವರ್ಷ ಬಂತು. ಅಮ್ಮನ ಅಣ್ಣ ತೀರಿಕೊಂಡ ಸುದ್ದಿ ರಾತ್ರಿ ಹನ್ನೊಂದಕ್ಕೆ ತಿಳಿದು, ಆ ಹೊತ್ತಿನಲ್ಲಿ ಬಸ್ಸಿಲ್ಲದ್ದರಿಂದ ಬಾಡಿಗೆ ಕಾರು ಮಾಡಿಕೊಂಡು ಊರಿಗೆ ಹೋದೆವು. ಹೋಗಿಬರಲು 3,800, ಹನ್ನೊಂದನೆಯ ದಿನಕ್ಕೆ ಮತ್ತೆ ಹೋದಾಗ ಇನ್ನಷ್ಟು. ಆ ತಿಂಗಳು ಬ್ಯಾಂಕಿನ ಆರ್‌ಡಿಯ ಕಂತು ಕಟ್ಟಲಿಲ್ಲ. ಮುಯ್ಯಿ ಖಾತೆಯಲ್ಲಿ ಹಣವಿತ್ತು, ಆದರೆ ಶುಭಕಾರ್ಯಕ್ಕೆ ತೆಗೆದಿಟ್ಟ ಹಣದಿಂದ ಇದನ್ನು ಕೊಡುವುದು ಬೇಡವೆಂದು ಅಮ್ಮ ಹೇಳಿದರು, ಎಲ್ಲಿಯೂ ಬರೆದಿಡಬೇಡವೆಂದೂ ಹೇಳಿದರು. ನಾನು ಬರೆದಿಡಲಿಲ್ಲ.