ಮಗಳು ಊಟ ಬಿಟ್ಟಾಗ ಹೋದ ಕ್ಲಿನಿಕ್: ನಮ್ಮ ಅನುಭವ

15 ವರ್ಷದ ಮಗಳು ಚಪಾತಿಯನ್ನು ಉಗುರಿನಷ್ಟು ಚೂರು ಮಾಡಿ ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಮೊದಲು ತೋರಿಸಿದ ಕಡೆ "ಹಠ, ಗದರಿಸಿ ತಿನ್ನಿಸಿ" ಅಂದರು. ಈ ಕ್ಲಿನಿಕ್ಕಿನ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು: ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೊಟ್ಟೆಯಿಂದ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಅನೊರೆಕ್ಸಿಯಾದಲ್ಲಿ (ದಪ್ಪಗಾಗುವ ಭಯದಿಂದ ಊಟ ಬಿಡುವ ಮಾನಸಿಕ ಕಾಯಿಲೆ) ಅದು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ, ಆದರೂ ಮಕ್ಕಳು ತಿನ್ನುವುದಿಲ್ಲ. ಕೊಬ್ಬು ಕರಗಿ, ಅದರಿಂದ ಬರುವ ಲೆಪ್ಟಿನ್ ಹಾರ್ಮೋನ್ ಇಳಿದರೆ ಮುಟ್ಟೂ ನಿಲ್ಲಬಹುದು. ಇದನ್ನು ಬರೀ ಹಠ ಅನ್ನೋಕಾಗಲ್ಲ, ಅಲ್ವಾ?

ಸುಮ್ನೆ ದುಬಾರಿ ಹಾರ್ಮೋನ್ ಟೆಸ್ಟ್ ಬರೆಯಲಿಲ್ಲ. ನಾಡಿ, ಬಿಪಿ, ಪೊಟ್ಯಾಸಿಯಂ, ಇಸಿಜಿ ನೋಡಿದರು. ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ ಶುರುವಾದ, ಅಪ್ಪ ಅಮ್ಮನೇ ಬಡಿಸಿ ಜೊತೆಗೆ ಕೂರುವ ಪದ್ಧತಿ ಕಲಿಸಿದರು. ಕ್ಲಿನಿಕ್ಕಿನಲ್ಲಿ ಕಾಯಬೇಕು, ಅದೊಂದೇ ಕಷ್ಟ. ಮೊನ್ನೆ ಅವಳೇ ಇನ್ನೊಂದು ದೋಸೆ ಕೇಳಿದಳು.